ಕೈತೋಟವು ಕಾಮಧೇನುವಲ್ಲ

ಮನೆಯ ಹಿತ್ತಲಿನಲ್ಲೋ ತಾರಸಿಯ ಮೇಲೋ ನಾಲ್ಕು ಮಡಿಗಳನ್ನು ಮಾಡಿಕೊಂಡರೆ ಸಾಕು, ಒಂದು ಕುಟುಂಬಕ್ಕೆ ಬೇಕಾದ ಸಂಪೂರ್ಣ ಆಹಾರವನ್ನು ಅಲ್ಲಿಯೇ ಬೆಳೆದುಕೊಳ್ಳಬಹುದು ಎಂಬ ಮಾತು ಈಚಿನ ವರ್ಷಗಳಲ್ಲಿ ಎಲ್ಲ ಕಡೆಯಿಂದಲೂ ಕೇಳಿಬರುತ್ತಿದೆ. ಕಾರ್ಯಾಗಾರಗಳಲ್ಲಿ ಹೇಳುತ್ತಾರೆ, ಮೊಬೈಲಿಗೆ ಬರುವ ವಿಡಿಯೋಗಳಲ್ಲಿ ಹೇಳುತ್ತಾರೆ, ಬೀಜದ ಪೊಟ್ಟಣ ಮಾರುವವರಂತೂ ಹೇಳಿಯೇ ಹೇಳುತ್ತಾರೆ. ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನವನ್ನು ಕಲಿಸಿದ, ಅದಕ್ಕಿಂತಲೂ ಹೆಚ್ಚು ಕಾಲ ಹಿತ್ತಲಿನ ಮಣ್ಣಿನಲ್ಲಿ ಕೈಯಾಡಿಸಿದ ನನಗೆ ಈ ಮಾತು ಸುಳ್ಳೆಂದು ಹೇಳಲು ಸಂಕೋಚವಿಲ್ಲ. ಕೈತೋಟದ ಮೇಲೆ ನನಗೆ ಪ್ರೀತಿಯಿಲ್ಲವೆಂದು ಓದುಗರು ಭಾವಿಸಬಾರದು. ಪ್ರೀತಿ ಇರುವುದರಿಂದಲೇ ಇದನ್ನು ಬರೆಯಬೇಕಾಗಿ ಬಂದಿದೆ.

ಸುಳ್ಳು ನಿರುಪದ್ರವಿಯಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆದರೆ ಕಳೆದ ಬೇಸಗೆಯಲ್ಲಿ ನಮ್ಮ ತಾಲ್ಲೂಕು ಕೇಂದ್ರದಲ್ಲಿ ನಡೆದ ಸಭೆಯೊಂದಕ್ಕೆ ಬಂದಿದ್ದ ಅತಿಥಿಗಳೊಬ್ಬರು ಈ ಮಾತನ್ನು ಎಲ್ಲಿಗೆ ಎಳೆದೊಯ್ದರೆಂಬುದನ್ನು ಕೇಳಿ. ಸರ್ಕಾರವು ಪುಕ್ಕಟೆ ಅಕ್ಕಿ ಕೊಟ್ಟು ಜನರನ್ನು ಸೋಮಾರಿಗಳನ್ನಾಗಿ ಮಾಡುತ್ತಿದೆ, ಅದರ ಬದಲು ಮನೆಗೊಂದು ಬೀಜದ ಪೊಟ್ಟಣ ಕೊಟ್ಟರೆ ಸಾಕು ಎಂದರು. ಶಾಲೆಯ ಮಕ್ಕಳಿಗೆ ಮೊಟ್ಟೆಯೇಕೆ, ಕಟ್ಟಡದ ಹಿಂದೆ ಎರಡು ನುಗ್ಗೆಯ ಗಿಡ ನೆಟ್ಟರೆ ಸಾಲದೆ ಎಂದು ಕೇಳಿದರು. ಸಭೆ ಚಪ್ಪಾಳೆ ತಟ್ಟಿತು. ಚಪ್ಪಾಳೆ ತಟ್ಟಿದವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇದ್ದರೆಂಬುದು ನನ್ನನ್ನು ಹೆಚ್ಚು ನೋಯಿಸಿತು. ತ್ರೈರಾಶಿಯನ್ನು ನಾನೇ ಅವರಿಗೆ ಕಲಿಸಿದ್ದೆ. ಭಾಷಣ ಮುಗಿಯುವ ಮೊದಲೇ ಅವರು ಮನಸ್ಸಿನಲ್ಲಿ ಲೆಕ್ಕ ಹಾಕಿ ಮುಗಿಸಬಹುದಾಗಿತ್ತು.

ಆ ಲೆಕ್ಕವನ್ನು ಈಗ ಇಲ್ಲಿ ಹಾಕೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ ದಿನಕ್ಕೆ 2000 ಕಿಲೋಕ್ಯಾಲೊರಿ ಬೇಕಾದ ವ್ಯಕ್ತಿಗೆ 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ (ಅದರಲ್ಲಿ 100 ಗ್ರಾಂ ಸೊಪ್ಪು), 100 ಗ್ರಾಂ ಹಣ್ಣು, 300 ಮಿಲಿಲೀಟರ್ ಹಾಲು, 35 ಗ್ರಾಂ ಕಡಲೆಕಾಯಿಯಂತಹ ಎಣ್ಣೆಬೀಜ, 27 ಗ್ರಾಂ ಎಣ್ಣೆ ಇರಬೇಕು. ನಾಲ್ವರ ಕುಟುಂಬಕ್ಕೆ ಧಾನ್ಯವೇ ದಿನಕ್ಕೆ ಒಂದು ಕಿಲೋ, ಎಂದರೆ ವರ್ಷಕ್ಕೆ 365 ಕಿಲೋ. ನಮ್ಮ ಕಡೆಯ ರಾಗಿಯನ್ನೇ ತೆಗೆದುಕೊಳ್ಳಿ. ಮಳೆಯಾಶ್ರಯದಲ್ಲಿ ಎಕರೆಗೆ ಹತ್ತು ಕ್ವಿಂಟಲ್ ಬಂದರೆ ರೈತ ಸಂತೋಷಪಡುತ್ತಾನೆ. ಒಂದು ಎಕರೆಗೆ 43,560 ಚದರ ಅಡಿ. ಪಟ್ಟಣದ 30-40ರ ನಿವೇಶನಕ್ಕೆ 1,200 ಚದರ ಅಡಿ, ಅಂದರೆ ಒಂದು ಗುಂಟೆಗಿಂತ ಕೊಂಚ ಹೆಚ್ಚು. ಮನೆಯನ್ನೇ ಕಟ್ಟದೆ ನಿವೇಶನವನ್ನು ಪೂರ್ತಿ ಉತ್ತು ರಾಗಿ ಬಿತ್ತಿದರೂ ಬರುವುದು 27 ಕಿಲೋ ಚಿಲ್ಲರೆ. ಅದು ನಾಲ್ವರಿಗೆ ಇಪ್ಪತ್ತೇಳು ದಿನದ ಮುದ್ದೆ. ವರ್ಷ ಪೂರ್ತಿ ಉಣ್ಣಬೇಕಾದರೆ ಅಂಥ ಹದಿಮೂರು ನಿವೇಶನಗಳು ಬೇಕು.

ಮುದ್ದೆಗೆ ಸಾರು ಬೇಡವೆ? ಎಕರೆಗೆ ನಾಲ್ಕು ಕ್ವಿಂಟಲ್ ತೊಗರಿಯೆಂದು ಹಿಡಿದು, ಕಾಳನ್ನು ಬೇಳೆ ಮಾಡುವಾಗ ಆಗುವ ನಷ್ಟವನ್ನು ಬಿಟ್ಟರೂ, ಹನ್ನೊಂದು ನಿವೇಶನ. ಒಗ್ಗರಣೆಗೆ ಎಣ್ಣೆಯೆಂದರೆ, ಎಕರೆಗೆ ಏಳು ಕ್ವಿಂಟಲ್ ಕಡಲೆಕಾಯಿ ಬಂದು, ಸುಲಿದ ಬೀಜ ನೂರಕ್ಕೆ ಎಪ್ಪತ್ತಾಗಿ, ಗಾಣದಲ್ಲಿ ಅದರ ನೂರಕ್ಕೆ ನಲವತ್ತು ಎಣ್ಣೆ ಇಳಿದರೆ, ಇನ್ನೂ ಏಳು ನಿವೇಶನ. ಒಟ್ಟು ಮೂವತ್ತೊಂದು ದಾಟಿತು, ಸುಮಾರು ಮೂವತ್ತೈದು ಗುಂಟೆ. ಹಸುವಿಗೆ ಹುಲ್ಲನ್ನು ಇನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ನೀರಾವರಿ ಇದೆ, ಗೊಬ್ಬರ ಇದೆ, ಮಾಡುವವನು ನಿಪುಣ, ಆದುದರಿಂದ ಇಳುವರಿ ಎರಡು ಪಟ್ಟು, ವರ್ಷಕ್ಕೆ ಎರಡು ಬೆಳೆ ಎಂದು ಯಾರಾದರೂ ವಾದಿಸಿದರೆ ಅದನ್ನೂ ಒಪ್ಪಿಕೊಳ್ಳುತ್ತೇನೆ. ಆಗಲೂ ಎಂಟು ನಿವೇಶನ ಬೇಕು. ಎಂಟು ನಿವೇಶನ ಖಾಲಿ ಇಟ್ಟುಕೊಂಡವನಿಗೆ ಪಡಿತರದ ಅಕ್ಕಿಯ ಚಿಂತೆ ಏಕಿರುತ್ತದೆ? ಪಡಿತರದ ಸಾಲಿನಲ್ಲಿ ನಿಲ್ಲುವವರು ಒಂದು ಕೋಣೆಯ ಬಾಡಿಗೆ ಮನೆಯಲ್ಲಿ, ನೀರಿನ ಕೊಡ ಇಡುವುದಕ್ಕೂ ಅಂಗಳವಿಲ್ಲದ ಕಡೆ ಇರುವವರು. ಅವರ ಕೈಗೆ ಬೀಜದ ಪೊಟ್ಟಣ ಕೊಟ್ಟು ಬಿತ್ತಲು ಎಲ್ಲಿಗೆ ಕಳುಹಿಸುತ್ತೀರಿ?

ಈ ಪಂಥದವರು ಆಧಾರವಾಗಿ ಅಮೆರಿಕದ ಎರಡು ಪುಸ್ತಕಗಳನ್ನು ಆಗಾಗ್ಗೆ ಹೆಸರಿಸುವುದುಂಟು. ಡೇವಿಡ್ ಡುಹಾನ್ ಎಂಬವರ 1985ರ ಪುಸ್ತಕವು ಸಾವಿರ ಚದರ ಅಡಿಗಿಂತ ಕಡಿಮೆ ಜಾಗದಲ್ಲಿ ಸಂಪೂರ್ಣ ಆಹಾರ ಬೆಳೆಯುವ ಬಗೆಯನ್ನು ಹೇಳುತ್ತದೆ. ಅದು ಒಬ್ಬ ವ್ಯಕ್ತಿಗೆ ಹಾಕಿದ ಲೆಕ್ಕ ಎಂಬುದನ್ನು ಭಾಷಣಕಾರರು ಹೇಳುವುದಿಲ್ಲ. ಅದಕ್ಕೂ ಮೊದಲು, 1974ರಲ್ಲಿ, ಜಾನ್ ಜೀವನ್ಸ್ ಅವರ ಪುಸ್ತಕ ಬಂದಿತ್ತು. ಜೀವನ್ಸ್ ಅವರು ತಮ್ಮ ಪದ್ಧತಿಯಲ್ಲಿ ಭೂಮಿಯ ನೂರು ಪಾಲಿನಲ್ಲಿ ಅರವತ್ತನ್ನು ಕಾಳು ಮತ್ತು ಗೊಬ್ಬರಕ್ಕೆ ಬೇಕಾದ ಒಣಹುಲ್ಲು ಎರಡನ್ನೂ ಕೊಡುವ ಬೆಳೆಗಳಿಗೆ, ಮೂವತ್ತನ್ನು ಶಕ್ತಿ ಹೆಚ್ಚಿರುವ ಗೆಡ್ಡೆಗಳಿಗೆ, ಹತ್ತನ್ನು ಮಾತ್ರ ತರಕಾರಿಗೆ ಬಿಡುತ್ತಾರೆ. ಇದು ಪ್ರಾಮಾಣಿಕವಾದ ಮಾತು. ಹೊಟ್ಟೆ ತುಂಬಿಸುವುದು ಟೊಮೇಟೊ ಅಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತಿದೆ. ನಮ್ಮ ವಿಡಿಯೋಗಳಲ್ಲಿಯಾದರೋ ತಾರಸಿಯ ತುಂಬ ಟೊಮೇಟೊ, ಬದನೆ, ದೊಣ್ಣೆಮೆಣಸಿನಕಾಯಿ! ಗೆಡ್ಡೆಯ ದಾರಿಯೂ ಅಷ್ಟು ಸುಲಭವಾದುದಲ್ಲ. ಗೆಣಸಿನಿಂದಲೇ 2000 ಕಿಲೋಕ್ಯಾಲೊರಿ ಪಡೆಯಬೇಕಾದರೆ ಒಬ್ಬೊಬ್ಬರೂ ದಿನಕ್ಕೆ ಹೆಚ್ಚುಕಡಿಮೆ 1.8 ಕಿಲೋ ಗೆಣಸನ್ನು ತಿನ್ನಬೇಕು. ಸಂಕ್ರಾಂತಿಯ ದಿನ ಎರಡು ಗೆಣಸು ತಿಂದು ಹೊಟ್ಟೆ ಹಿಡಿದುಕೊಳ್ಳುವ ನಮಗೆ ಇದು ಸಾಧ್ಯವೆ?

ಇತಿಹಾಸವೂ ಇದನ್ನೇ ಹೇಳುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಜನ ಸರ್ಕಾರದ ಕರೆಗೆ ಓಗೊಟ್ಟು ಹುಲ್ಲುಹಾಸುಗಳನ್ನೂ ಉದ್ಯಾನಗಳನ್ನೂ ಅಗೆದು ಎಲೆಕೋಸು, ಕ್ಯಾರೆಟ್, ಈರುಳ್ಳಿ ಬೆಳೆದರು. ಅದು ದೊಡ್ಡ ಸಾಧನೆಯೇ ಸರಿ. ಆದರೂ ಅವರ ರೊಟ್ಟಿಯ ಗೋಧಿ ಕೆನಡಾದಿಂದ ಹಡಗಿನಲ್ಲಿಯೇ ಬರಬೇಕಾಗಿತ್ತು. ಯುದ್ಧ ಮುಗಿದ ಮೇಲೆ, 1946ರಿಂದ 1948ರವರೆಗೆ, ಬ್ರೆಡ್ಡಿಗೂ ಪಡಿತರ ಪದ್ಧತಿಯನ್ನು ತರಬೇಕಾಯಿತು. ಮನೆಯ ಹಿಂದಿನ ಎಲೆಕೋಸಿನ ಮಡಿಗಳು ಅದನ್ನು ತಡೆಯಲಾಗಲಿಲ್ಲ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಕಂಗಾಲಾದ ಕ್ಯೂಬಾದ ರಾಜಧಾನಿ ಹವಾನಾದಲ್ಲಿ ಖಾಲಿ ಜಾಗಗಳೆಲ್ಲ ತರಕಾರಿಯ ತೋಟಗಳಾದವು. ತರಕಾರಿ ಸಿಕ್ಕಿತು. ಅಕ್ಕಿಯ, ಗೋಧಿಯ ಆಮದು ಮಾತ್ರ ನಿಲ್ಲಲಿಲ್ಲ.

ನಮ್ಮ ಹಿರಿಯರು ಈ ವಿಷಯದಲ್ಲಿ ಯಾವ ಭ್ರಮೆಯನ್ನೂ ಇಟ್ಟುಕೊಂಡಿರಲಿಲ್ಲ. ನಮ್ಮ ತಾಯಿಯವರ ಹಿತ್ತಲು ಹದಿನೈದು-ಇಪ್ಪತ್ತು ಅಡಿ ಅಗಲ ಇದ್ದಿರಬಹುದು. ಬಚ್ಚಲ ನೀರು ಹೋಗುವ ಕಡೆ ಬಾಳೆ ಮತ್ತು ಕೆಸು, ಕೊಟ್ಟಿಗೆಯ ಮಾಡಿನ ಮೇಲೆ ಸೋರೆ, ಬೇಲಿಗೆ ಚಪ್ಪರದವರೆ, ಬಾವಿಕಟ್ಟೆಯ ಪಕ್ಕದಲ್ಲಿ ಒಂದೆಲಗ ಮತ್ತು ದೊಡ್ಡಪತ್ರೆ, ಮೂಲೆಯಲ್ಲಿ ನುಗ್ಗೆ, ಕರಿಬೇವು, ಒಂದು ನಿಂಬೆ, ಒಂದು ಸೀಬೆ. ಬಸಳೆಗೆ ಪುಟ್ಟ ಚಪ್ಪರ. ಮಳೆ ಬಿದ್ದ ವಾರಕ್ಕೆ ತಾನಾಗಿಯೇ ಏಳುತ್ತಿದ್ದ ಗಣಿಕೆ, ಅಣ್ಣೆ, ಗೋಣಿ ಸೊಪ್ಪುಗಳನ್ನು ಬೆರಕೆ ಮಾಡಿ ಮಸ್ಸೊಪ್ಪು ಮಾಡುತ್ತಿದ್ದರು. ಅಂಗಡಿಯಲ್ಲಿ ತರಕಾರಿ ಕೊಂಡದ್ದನ್ನು ನಾನು ಬಾಲ್ಯದಲ್ಲಿ ಕಂಡ ನೆನಪಿಲ್ಲ. ಆದರೆ ರಾಗಿ ಹೊಲದಿಂದ ಬರಬೇಕು, ಅಕ್ಕಿ ಗದ್ದೆಯವರಿಂದ ಬರಬೇಕು, ಎಣ್ಣೆ ಗಾಣದಿಂದ ಬರಬೇಕು ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ಹಿತ್ತಲನ್ನೇ ಹೊಲವೆಂದು ಕರೆಯುವ ಜಾಣತನ ನಮ್ಮ ಕಾಲದ್ದು.

ಇನ್ನು ಪೌಷ್ಟಿಕತೆಯ ಮಾತು. ಹೊಟ್ಟೆ ತುಂಬುವುದು ಬೇರೆ, ಪೋಷಣೆ ಬೇರೆ ಎಂದು ಎಂಟನೆಯ ತರಗತಿಯ ಮಕ್ಕಳಿಗೂ ಕಲಿಸುತ್ತೇವೆ. ಗಿಡಗಳಿಂದ ಮಾತ್ರವೇ ಸಂಪೂರ್ಣ ಪೋಷಣೆ ಸಿಗುತ್ತದೆ ಎನ್ನುವವರು ಬಿ12 ಜೀವಸತ್ವವನ್ನು ಮರೆತುಬಿಡುತ್ತಾರೆ. ಅದನ್ನು ತಯಾರಿಸುವುದು ಸೂಕ್ಷ್ಮಜೀವಿಗಳು. ನಮಗೆ ದೊರೆಯುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳ ಮೂಲಕ. ಹಿತ್ತಲಿನಲ್ಲಿ ಎಷ್ಟೇ ಬಗೆಯ ಸೊಪ್ಪನ್ನು ಬೆಳೆದರೂ ಅದು ಸಿಗುವುದಿಲ್ಲ. ಅಯೋಡಿನ್ ನಮ್ಮಲ್ಲಿ ಮುಖ್ಯವಾಗಿ ಉಪ್ಪಿನಿಂದ ಬರುತ್ತದೆ, ಡಿ ಜೀವಸತ್ವ ಬಿಸಿಲಿನಿಂದ. (ತೋಟದ ಕೆಲಸ ಮಾಡುವವನಿಗೆ ಬಿಸಿಲು ಸಿಗುತ್ತದೆಂಬುದನ್ನು ಎದುರಾಳಿಯ ಪರವಾಗಿ ನಾನೇ ಹೇಳಿಬಿಡುತ್ತೇನೆ.) ಸೊಪ್ಪಿನಲ್ಲಿರುವ ಕಬ್ಬಿಣವು ಪೂರ್ತಿಯಾಗಿ ರಕ್ತಕ್ಕೆ ಸೇರುವುದಿಲ್ಲ, ಅದರಲ್ಲಿ ಸ್ವಲ್ಪ ಭಾಗ ಮಾತ್ರ ದೇಹಕ್ಕೆ ದಕ್ಕುತ್ತದೆ. ಪಾಲಕ್, ಹರಿವೆಗಳಲ್ಲಿರುವ ಆಕ್ಸಲೇಟು ಸುಣ್ಣದ ಅಂಶವನ್ನು ಕಟ್ಟಿಹಾಕುತ್ತದೆ. ಆದುದರಿಂದ ಪಟ್ಟಿಯಲ್ಲಿ ಕಂಡ ಅಂಕಿಯನ್ನು ಹಾಗೆಯೇ ಓದಿ ಇಷ್ಟು ಗ್ರಾಂ ನುಗ್ಗೆಸೊಪ್ಪು ಇಷ್ಟು ಲೋಟ ಹಾಲಿಗೆ ಸಮ ಎಂದು ಸಾರುವುದು ವಿಜ್ಞಾನವಲ್ಲ. ಅಂಥ ಹೋಲಿಕೆಗಳಲ್ಲಿ ಎಷ್ಟೋ ಸಲ ಒಣಗಿಸಿದ ನುಗ್ಗೆಪುಡಿಯನ್ನು ನೀರಿನಂಶವಿರುವ ಹಾಲಿನೊಡನೆ ಇಟ್ಟು ತೂಗಿರುತ್ತಾರೆ. ತಕ್ಕಡಿಯ ಒಂದು ತಟ್ಟೆಯನ್ನು ಬೆರಳಿನಿಂದ ಒತ್ತಿ ಹಿಡಿದಂತೆ ಇದು.

ಮೊಟ್ಟೆಯ ವಿಷಯಕ್ಕೆ ಬರೋಣ. ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾಯಿತು. 2013ರಲ್ಲಿ ಹಾಲು ಸೇರಿತು. 2021ರ ಡಿಸೆಂಬರಿನಲ್ಲಿ ಅದೇ ಭಾಗದ ಜಿಲ್ಲೆಗಳಲ್ಲಿ ಮೊಟ್ಟೆ ಕೊಡಲು ತೊಡಗಿದಾಗ ಎದ್ದ ಗದ್ದಲವನ್ನು ಓದುಗರು ಮರೆತಿರಲಾರರು. 2024ರ ಸೆಪ್ಟೆಂಬರಿನಿಂದ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ವ್ಯವಸ್ಥೆಯಾಯಿತು, ಬೇಡವೆನ್ನುವ ಮಗುವಿಗೆ ಬಾಳೆಹಣ್ಣು ಉಂಟು. ನಾನು ಮೊಟ್ಟೆ ತಿನ್ನುವವನಲ್ಲ. ಆದರೆ ನನ್ನ ತಟ್ಟೆಯ ನಿಯಮವನ್ನು ಬೇರೆಯವರ ಮಗುವಿನ ತಟ್ಟೆಯ ಮೇಲೆ ಹೇರಲು ನನಗೆ ಅಧಿಕಾರವಿಲ್ಲ. ಮನೆಯಲ್ಲಿ ದಿನಾ ಹಾಲು, ಮೊಸರು, ತುಪ್ಪ ಉಣ್ಣುವವನು ಸಸ್ಯಾಹಾರದಿಂದಲೇ ಗಟ್ಟಿಮುಟ್ಟಾಗಿದ್ದೇನೆಂದು ಹೆಮ್ಮೆಪಡಬಹುದು. ಬೆಳಗಿನ ಕಪ್ಪು ಚಹಾ ಕುಡಿದು ಶಾಲೆಗೆ ಬರುವ ಮಗುವಿಗೆ ಅವನು ನುಗ್ಗೆಮರವನ್ನು ತೋರಿಸುವುದು ಕ್ರೌರ್ಯ.

ನಾನು ಕೆಲಸ ಮಾಡುತ್ತಿದ್ದ ಕಾಲದಲ್ಲಿ ಪ್ರಾರ್ಥನೆಯ ಸಾಲಿನಲ್ಲಿ ಹುಡುಗಿಯರು ಕುಸಿದು ಬೀಳುವುದು ಅಪರೂಪವೇನೂ ಆಗಿರಲಿಲ್ಲ. ನೆರಳಿಗೆ ಕರೆತಂದು, ನೀರು ಕೊಟ್ಟು, ಏನಮ್ಮಾ ಬೆಳಿಗ್ಗೆ ತಿಂದೆ ಎಂದು ಕೇಳಿದರೆ ತಲೆ ತಗ್ಗಿಸುತ್ತಿದ್ದರು. ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿದರೆ ಸುಣ್ಣದಂತೆ ಬಿಳುಪು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ (ಆರು ತಿಂಗಳು ತುಂಬಿದವರು) ನೂರಕ್ಕೆ ಸುಮಾರು 65. ಇಷ್ಟು ದೊಡ್ಡ ಗಾಯಕ್ಕೆ ಸೊಪ್ಪೊಂದೇ ಮದ್ದಾಗದು. ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ನೀಲಿ ಬಣ್ಣದ ಕಬ್ಬಿಣದ ಮಾತ್ರೆಯೂ ಬೇಕು, ಜಂತುಹುಳುವಿನ ಮಾತ್ರೆಯೂ ಬೇಕು, ಅಕ್ಕಿ, ಬೇಳೆ, ಹಾಲು, ಮೊಟ್ಟೆಯೂ ಬೇಕು. ಇವುಗಳ ಜೊತೆಗೆ ಸೊಪ್ಪೂ ಬೇಕು.

ಈಗ ಎರಡನೆಯ ಬಣದವರ ಕಡೆ ತಿರುಗುತ್ತೇನೆ. ಇಷ್ಟು ಓದಿ ಅವರು ಸಂತೋಷಪಟ್ಟಿರಬಹುದು. ಮೇಷ್ಟ್ರೇ ಹೇಳಿಬಿಟ್ಟರು, ಕೈತೋಟದಿಂದ ಪ್ರಯೋಜನವಿಲ್ಲ, ಅಂಗಳಕ್ಕೆಲ್ಲ ಕಾಂಕ್ರೀಟು ಹಾಕಿಸೋಣ ಎಂದು! ನಮ್ಮ ಬಡಾವಣೆಯಲ್ಲಿ ಹೊಸ ಮನೆ ಕಟ್ಟಿಸುವವರು ಕಾಂಪೌಂಡಿನ ಗೋಡೆಯಿಂದ ಗೋಡೆಗೆ ಟೈಲ್ಸ್ ಹಾಸಿ, ಬಾಗಿಲ ಬಳಿ ಎರಡು ಪ್ಲಾಸ್ಟಿಕ್ಕಿನ ಹೂಗಿಡ ಇಟ್ಟು ಗೃಹಪ್ರವೇಶ ಮಾಡುತ್ತಾರೆ. ಎಲೆ ಉದುರಿ ಕಸವಾಗುತ್ತದೆಂದು ಎದುರುಮನೆಯ ನುಗ್ಗೆಮರವನ್ನು ಕಡಿಸಲು ಅರ್ಜಿ ಬರೆಯುತ್ತಾರೆ. ಬಳಿಕ ಔಷಧಿಯ ಅಂಗಡಿಯಲ್ಲಿ ಅದೇ ನುಗ್ಗೆಸೊಪ್ಪಿನ ಪುಡಿಯನ್ನು ಡಬ್ಬಿಯಲ್ಲಿ ಕೊಳ್ಳುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನನಗೆ ದೊರೆತಿಲ್ಲ.

ಧಾನ್ಯಕ್ಕೆ ಹಾಕಿದ ಲೆಕ್ಕವನ್ನೇ ಸೊಪ್ಪಿಗೂ ಹಾಕಿ ನೋಡಿ. ತಲೆಗೆ 100 ಗ್ರಾಂನಂತೆ ನಾಲ್ವರಿಗೆ ದಿನಕ್ಕೆ 400 ಗ್ರಾಂ, ವಾರಕ್ಕೆ 2.8 ಕಿಲೋ. ದಂಟು, ಹರಿವೆಗಳು ಬಿತ್ತಿದ ಇಪ್ಪತ್ತೈದು-ಮೂವತ್ತು ದಿನಗಳಲ್ಲಿ ಕೊಯ್ಲಿಗೆ ಬರುತ್ತವೆ. ಒಂದು ಚದರ ಮೀಟರಿಗೆ ಒಂದು ಕಿಲೋ ಸೊಪ್ಪು ಸಾಧಾರಣ ಮಣ್ಣಿನಲ್ಲಿಯೂ ಸಿಗುತ್ತದೆ. ಹಾಗಾದರೆ ಮೂರು ಚದರ ಮೀಟರಿನ ಐದು ಮಡಿಗಳನ್ನು ಮಾಡಿ, ವಾರಕ್ಕೊಂದರಂತೆ ಸರದಿಯಲ್ಲಿ ಬಿತ್ತುತ್ತ ಹೋದರೆ ಆಯಿತು. ಒಟ್ಟು ಜಾಗ ಸುಮಾರು 160 ಚದರ ಅಡಿ. ಕಾರು ನಿಲ್ಲಿಸುವುದಕ್ಕೆ ನಾವು ಕಣ್ಣುಮುಚ್ಚಿ ಬಿಟ್ಟುಕೊಡುವಷ್ಟು ಜಾಗ. ರಾಗಿಗೆ ಹದಿಮೂರು ನಿವೇಶನ ಕೇಳಿದ ಭೂಮಿ ಸೊಪ್ಪಿಗೆ ಒಂದು ನಿವೇಶನದ ಏಳನೆಯ ಒಂದು ಭಾಗವನ್ನು ಮಾತ್ರ ಕೇಳುತ್ತದೆ. ಕಾರಣ ಸರಳ. ಧಾನ್ಯದಲ್ಲಿ ನಮಗೆ ಬೇಕಾದುದು ಶಕ್ತಿ, ಅದನ್ನು ತಿಂಗಳುಗಟ್ಟಲೆ ಬಿಸಿಲು ಕುಡಿದು ಗಿಡ ಕೂಡಿಡಬೇಕು. ಸೊಪ್ಪಿನಲ್ಲಿ ಬೇಕಾದುದು ಮಿಲಿಗ್ರಾಂಗಳಲ್ಲಿ ಅಳೆಯುವ ಜೀವಸತ್ವ, ಖನಿಜಗಳು. ಎಳೆಯ ಎಲೆಯಲ್ಲಿಯೇ ಅವು ಇರುತ್ತವೆ.

ಮೇಲಾಗಿ ಧಾನ್ಯ ವರ್ಷಗಟ್ಟಲೆ ಕೆಡುವುದಿಲ್ಲ, ಬೀದರಿನಿಂದ ಬಂದರೂ ಬೇಳೆ ಬೇಳೆಯೇ. ಸೊಪ್ಪು ಹಾಗಲ್ಲ. ಕೊಯ್ದ ಗಳಿಗೆಯಿಂದಲೇ ಅದರ ಸಿ ಜೀವಸತ್ವ ಕಡಿಮೆಯಾಗುತ್ತ ಹೋಗುತ್ತದೆ. ಹಿಂದಿನ ಸಂಜೆ ಕಿತ್ತು, ಗೋಣಿಯಲ್ಲಿ ಕಟ್ಟಿ, ಬಸ್ಸಿನ ಮೇಲೆ ಬಂದು, ಸಂತೆಯಲ್ಲಿ ಬಾಡಿ, ನಮ್ಮ ಫ್ರಿಜ್ಜಿನಲ್ಲಿ ಮೂರು ದಿನ ಕುಳಿತ ಪಾಲಕ್ಕಿಗೂ ಒಲೆಯ ಮೇಲೆ ನೀರಿಟ್ಟು ಹೋಗಿ ಕಿತ್ತು ತಂದ ಹರಿವೆಗೂ ಹೋಲಿಕೆಯುಂಟೆ? ಆದುದರಿಂದ ಕೆಡದಿರುವುದನ್ನು ಅಂಗಡಿಯಿಂದ ತರಬೇಕು, ಬೇಗ ಕೆಡುವುದನ್ನು ಮನೆಯಲ್ಲಿ ಬೆಳೆಯಬೇಕು. ನಮ್ಮ ತಾಯಿಯವರ ಹಿತ್ತಲು ನಡೆಯುತ್ತಿದ್ದುದು ಇದೇ ಕ್ರಮದಲ್ಲಿ.

ಮಡಿಗೆ ಪುರುಸೊತ್ತಿಲ್ಲದವರಿಗೆ ಬಹುವಾರ್ಷಿಕ ಗಿಡಗಳಿವೆ. ನುಗ್ಗೆಯ ಕೊಂಬೆಯೊಂದನ್ನು ನೆಟ್ಟರೆ ಸಾಕು, ಆದರೆ ವರ್ಷಕ್ಕೊಮ್ಮೆ ಆಳೆತ್ತರಕ್ಕೆ ಕಡಿಯಬೇಕು. ಇಲ್ಲವಾದರೆ ಸೊಪ್ಪೆಲ್ಲ ಗಿಳಿಗಳ ಪಾಲು. ಚಕ್ರಮುನಿಯನ್ನು ಬೇಲಿಯಾಗಿ ಬೆಳೆಸಬಹುದು (ಇದನ್ನು ಬೇಯಿಸಿ ಹಿತಮಿತವಾಗಿ ತಿನ್ನಬೇಕು, ಹಸಿಯಾಗಿ ರಸ ಹಿಂಡಿ ಲೋಟಗಟ್ಟಲೆ ಕುಡಿಯುವ ಹುಚ್ಚು ಬೇಡ). ಬಸಳೆಯ ಬಳ್ಳಿ ಕಿಟಕಿಯ ಸರಳಿಗೂ ಹಬ್ಬುತ್ತದೆ. ಪರಂಗಿ ವರ್ಷದೊಳಗೆ ಹಣ್ಣು ಕೊಡುತ್ತದೆ, ಅದರಲ್ಲಿ ಎ ಜೀವಸತ್ವವಾಗಿ ಮಾರ್ಪಡುವ ಕೆರೋಟಿನ್ ಇದೆ. ಸೀಬೆಯಲ್ಲಿ ಕಿತ್ತಳೆಗಿಂತ ಹಲವು ಪಟ್ಟು ಸಿ ಜೀವಸತ್ವವಿದೆ. ಈ ಸಿ ಜೀವಸತ್ವವೇ ಸೊಪ್ಪಿನ ಕಬ್ಬಿಣವನ್ನು ದೇಹಕ್ಕೆ ದಕ್ಕಿಸುವುದು. ಬಸ್ಸಾರಿನ ಪಲ್ಯಕ್ಕೆ ನಿಂಬೆ ಹಿಂಡುವುದನ್ನೂ ಸೊಪ್ಪಿಗೆ ಎಣ್ಣೆಯ ಒಗ್ಗರಣೆ ಕೊಡುವುದನ್ನೂ ರುಚಿಗೆಂದು ಮಾತ್ರ ತಿಳಿಯಬೇಡಿ. ಕೆರೋಟಿನ್ ದೇಹಕ್ಕೆ ಸೇರಲು ಜಿಡ್ಡು ಬೇಕು. ಊಟವಾದ ಕೂಡಲೇ ಕಾಫಿ, ಚಹಾ ಕುಡಿಯುವುದು ಮಾತ್ರ ಈ ಎಲ್ಲ ಶ್ರಮವನ್ನೂ ಕೆಡಿಸುತ್ತದೆ, ಒಂದು ಗಂಟೆಯಾದರೂ ತಡೆಯಿರಿ.

ಶಾಲೆಗಳ ಮಾತು ಉಳಿಯಿತು. ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಕೈತೋಳೆಯುವ ನಲ್ಲಿಗಳ ನೀರು ಹರಿದು ಹೋಗುವ ಕಡೆ ಮಕ್ಕಳೇ ಮಾಡಿದ್ದ ತೋಟವಿತ್ತು. ದಂಟು, ಬದನೆ, ಕರಿಬೇವು, ಎರಡು ಪರಂಗಿ. ಬಿಸಿಯೂಟದ ಸಾಂಬಾರಿಗೆ ವಾರಕ್ಕೆರಡು ಸಲ ಅಲ್ಲಿಂದ ಸೊಪ್ಪು ಹೋಗುತ್ತಿತ್ತು. ಮನೆಯಲ್ಲಿ ಸೊಪ್ಪು ಮುಟ್ಟದ ಹುಡುಗರು ತಾವೇ ನೀರು ಹಾಕಿದ ದಂಟನ್ನು ಎರಡು ಸಲ ಹಾಕಿಸಿಕೊಳ್ಳುತ್ತಿದ್ದರು. ನಾನು ನಿವೃತ್ತನಾದ ಮೇಲೆ ದಾನಿಗಳೊಬ್ಬರ ಕೃಪೆಯಿಂದ ಅಲ್ಲಿ ಇಂಟರ್‌ಲಾಕ್ ಟೈಲ್ಸ್ ಬಂದಿತು. ಫಲಕದಲ್ಲಿ ಹೆಸರೂ ಬಂದಿತು. ಕೇಂದ್ರ ಸರ್ಕಾರವು 2019ರಲ್ಲಿ ಶಾಲಾ ಪೌಷ್ಟಿಕ ಕೈತೋಟಗಳಿಗೆಂದು ಮಾರ್ಗಸೂಚಿಯನ್ನೇ ಹೊರಡಿಸಿದೆ. ಮಣ್ಣಿಲ್ಲದ ಅಂಗಳದಲ್ಲಿ ಅದನ್ನು ಎಲ್ಲಿ ಜಾರಿಗೆ ತರುವುದು? ನೀರು ಹರಿಯುವ ಆ ಒಂದು ಅಂಚಿನಲ್ಲಿ ನಾಲ್ಕು ಅಡಿ ಅಗಲದ ಪಟ್ಟಿಯಷ್ಟು ಟೈಲ್ಸ್ ಕೀಳಿಸಿರೆಂದು ಶಾಲಾಭಿವೃದ್ಧಿ ಸಮಿತಿಯವರಿಗೆ ಲಿಖಿತವಾಗಿ ಕೇಳಿಕೊಂಡಿದ್ದೇನೆ. ಉತ್ತರ ಬಂದಿಲ್ಲ. ಮುಂದಿನ ಸಭೆಗೆ ಖುದ್ದಾಗಿ ಹೋಗುವವನಿದ್ದೇನೆ, ಹಾರೆಯನ್ನೂ ಜೊತೆಗೊಯ್ಯಬೇಕೆಂದಿದ್ದೇನೆ.

ಬೇಸಗೆಯ ಸಭೆಯ ಅತಿಥಿಗಳಿಗೂ ಒಂದು ವಿನಂತಿಯಿದೆ. ಅವರು ತಮ್ಮ ಮನೆಯಲ್ಲಿ ಒಂದು ವರ್ಷ ತಾರಸಿಯ ಬೆಳೆಯಿಂದಲೇ ಊಟ ಮಾಡಿ ಅದರ ಲೆಕ್ಕವನ್ನು ಬರೆದಿಡಲಿ. ಎಷ್ಟು ಚದರ ಅಡಿ, ಎಷ್ಟು ಕಿಲೋ, ಎಷ್ಟು ಲೀಟರ್ ನೀರು, ಯಾರ ಎಷ್ಟು ಗಂಟೆಯ ದುಡಿಮೆ, ಎಲ್ಲವನ್ನೂ ಕ್ರಮಸಹಿತವಾಗಿ. ಬೆಳಗಿನ ಕಾಫಿಯ ಹಾಲು ಎಲ್ಲಿಂದ ಬಂತೆಂಬುದನ್ನು ಬಿಡಬಾರದು. ಉತ್ತರ ಪತ್ರಿಕೆಯನ್ನು ತಿದ್ದಿಕೊಡಲು ನನಗೆ ಪುರುಸೊತ್ತಿದೆ.